ಮೂರಡಿ ಕೆರೆಗೆ ಒಂದು ಪ್ರದಕ್ಷಿಣೆ

ಎರಡನೇ ಶನಿವಾರ ಬೆಳಿಗ್ಗೆ ಆರೂವರೆಗೆ ಮೈಸೂರಿನ ಕುವೆಂಪುನಗರದಲ್ಲಿ ಸೋದರಮಾವನ ಮನೆಯ ಗೇಟು ತೆಗೆದಾಗ ವರಾಂಡದಲ್ಲಿ ಯುದ್ಧಸಿದ್ಧತೆ ನಡೆದಿತ್ತು. ನಾಲ್ಕು ಬಕೆಟ್ಟು, ಒಂದು ಸುತ್ತು ಪ್ಲಾಸ್ಟಿಕ್ ಪೈಪು, ಪಾತ್ರೆ ತಿಕ್ಕುವ ಸ್ಟೀಲ್ ಸ್ಕ್ರಬ್ಬರು, ಹಳೇ ಬನಿಯನ್ನಿನ ತುಂಡು, ಕಲ್ಲುಪ್ಪಿನ ಡಬ್ಬಿ. ಮಾವ ಪಂಚೆ ಎತ್ತಿಕಟ್ಟಿ ನಿಂತಿದ್ದರು. ಬ್ಯಾಂಕಿನಿಂದ ನಿವೃತ್ತರಾಗಿ ಆರು ವರ್ಷವಾಯಿತು. ಆದರೂ ಮೀನಿನ ಟ್ಯಾಂಕು ತೊಳೆಯುವುದು ಮಾತ್ರ ಎರಡನೇ ಶನಿವಾರವೇ. ನೌಕರಿ ಬಿಟ್ಟರೂ ನೌಕರಿಯ ರಜೆ ಅವರನ್ನು ಬಿಟ್ಟಿಲ್ಲ.

"ಬಂದ್ಯಾ? ಒಳ್ಳೇ ಹೊತ್ತಿಗೆ ಬಂದೆ. ಆ ಕಡೆ ಹಿಡ್ಕೊ, ಎತ್ತಿ ಬಗ್ಗಿಸೋಣ."

"ಸ್ವಲ್ಪ ತಡೀರಿ ಮಾವ. ಮೊದಲು ಒಂದು ಸುತ್ತು ನೋಡ್ಬೇಕು."

"ನೋಡೋಕೇನಿದೆಯೋ? ಪಾಚಿ! ಕಲ್ಯಾಣಿ ಮೆಟ್ಟಿಲು ಇದ್ದಹಾಗಿದೆ."

ನಾನು ಬಂದದ್ದೇ ಅದನ್ನು ನೋಡಲು. ತಿಂಗಳಿಗೊಮ್ಮೆ ಪೂರ್ತಿ ಖಾಲಿ ಮಾಡಿ, ಜಲ್ಲಿಯನ್ನು ಅಕ್ಕಿ ತೊಳೆದಂತೆ ತೊಳೆದು, ಫಿಲ್ಟರಿನ ಸ್ಪಂಜನ್ನು ನಲ್ಲಿಯಡಿ ಹಿಂಡಿ ಇಟ್ಟರೂ ಎಂಟೇ ದಿನಕ್ಕೆ ಗಾಜು ಮತ್ತೆ ಹಸಿರಾಗುತ್ತದೆ ಎಂದು ಫೋನಿನಲ್ಲಿ ಗೋಳಾಡಿದ್ದರು. ಮೀನು ಸಾಕಿ ಹನ್ನೆರಡು ವರ್ಷ ಕೈ ಸುಟ್ಟುಕೊಂಡಿರುವ ನನಗೆ ಅಷ್ಟರಲ್ಲೇ ಅರ್ಧ ಉತ್ತರ ಸಿಕ್ಕಿತ್ತು. ಉಳಿದರ್ಧಕ್ಕೆ ಸ್ಥಳ ಪರೀಕ್ಷೆ ಬೇಕು. ಪಾಚಿ ಎಲ್ಲೆಂದರಲ್ಲಿ ಒಂದೇ ಥರ ಬೆಳೆಯುವುದಿಲ್ಲ. ಎಲ್ಲಿ ಯಾವುದು ಹತ್ತಿದೆ ಎಂದು ನೋಡಿದರೆ ಆ ಮನೆಯ ದಿನಚರಿಯನ್ನೇ ಓದಬಹುದು.

ಜಾಗದ ಅಳತೆ ಮೊದಲು. ಮೂರಡಿ ಉದ್ದ, ಒಂದಡಿ ಅಗಲ, ಒಂದೂವರೆ ಅಡಿ ಎತ್ತರ. ನಾಲ್ಕೂವರೆ ಘನ ಅಡಿ ಎಂದರೆ 127 ಲೀಟರು. ಜಲ್ಲಿ, ಕಲ್ಲು, ಮೇಲೆ ಬಿಟ್ಟ ನಾಲ್ಕು ಬೆರಳು ಜಾಗ ಕಳೆದರೆ ನೂರು ಲೀಟರು ನೀರು. ಹಾಲಿನಲ್ಲಿ ಟೀವಿಯ ಎದುರುಗೋಡೆಗೆ, ಪೂರ್ವದ ಕಿಟಕಿಗೆ ಒತ್ತಿಕೊಂಡಂತೆ ಇಟ್ಟಿದ್ದಾರೆ. ನಿವಾಸಿಗಳು ನಾಲ್ಕು ಗೋಲ್ಡ್‌ಫಿಶ್, ಒಂದು ಸಕ್ಕರ್ ಫಿಶ್. ಐದೇ ಮೀನು ಎನ್ನಬೇಡಿ. ಗೋಲ್ಡ್‌ಫಿಶ್ ನಮ್ಮ ಗೆಂಡೆಮೀನಿನ ವಂಶದ್ದು. ತಿನ್ನುವುದೂ ಜೋರು, ವಿಸರ್ಜನೆಯೂ ಜೋರು.

ಮುಂಭಾಗದ ಗಾಜಿನಿಂದ ಶುರುಮಾಡಿದೆ. ಡಿಸೆಂಬರಿನ ಮಂಜಿನಲ್ಲಿ ಎದುರು ಬರುವ ಬಸ್ಸಿನ ದೀಪದಂತೆ ಮೀನುಗಳು ಒಂದೊಂದೇ ಹೊಳೆದು ಮರೆಯಾಗುತ್ತಿದ್ದವು. ಮುಚ್ಚಳ ತೆಗೆದು ಒಳಗಿನಿಂದ ಬೆರಳೆಳೆದೆ. ಬೆರಳು ಹೋದಲ್ಲೆಲ್ಲ ಸ್ವಚ್ಛ ದಾರಿ, ತುದಿಗೆ ತೆಳ್ಳನೆ ಹಸಿರು ಲೇಪ. ಇದು ಧೂಳುಪಾಚಿ, ಬಡಪಾಯಿ, ಒರೆಸಿದರೆ ಹೋಗುತ್ತದೆ. ಆದರೆ ಆ ಸ್ವಚ್ಛ ದಾರಿಯ ನಡುವೆಯೇ ಸಾಸಿವೆ ಚೆಲ್ಲಿದಂತೆ ಕಡುಹಸಿರು ಚುಕ್ಕಿಗಳು ಕದಲದೆ ಕೂತಿದ್ದವು. ಚುಕ್ಕಿಪಾಚಿ ಗಾಜನ್ನು ಕಚ್ಚಿ ಹಿಡಿಯುತ್ತದೆ, ಬಟ್ಟೆಗೆ ಬಗ್ಗುವುದಿಲ್ಲ.

"ಅದಕ್ಕೇ ಸ್ಟೀಲ್ ಸ್ಕ್ರಬ್ಬರು," ಎಂದರು ಮಾವ ಹೆಮ್ಮೆಯಿಂದ.

ಟಾರ್ಚನ್ನು ಅಡ್ಡವಾಗಿ ಹಿಡಿದು ತೋರಿಸಿದೆ. ಗಾಜಿನ ತುಂಬ ಅರ್ಧಚಂದ್ರಾಕಾರದ ಸಣ್ಣ ಗೀರುಗಳು, ಪ್ರತಿ ಗೀರಿನೊಳಗೂ ಹಸಿರು ದಾರ ತುಂಬಿದಂತೆ ಪಾಚಿ. ತೊಳೆಯುವ ಭರದಲ್ಲಿ ಅದಕ್ಕೆ ಬೇರೂರಲು ನಾವೇ ಉತ್ತು ಕೊಟ್ಟಿದ್ದೇವೆ. "ನಿಮ್ಮ ಹಳೇ ಎಟಿಎಂ ಕಾರ್ಡ್ ಇದ್ಯಾ?" ಎಂದೆ. ಅವಧಿ ಮುಗಿದ ಮೂರು ಕಾರ್ಡುಗಳು ಬೀರುವಿನ ಲಾಕರಿನಿಂದ ಬಂದವು. ಬ್ಯಾಂಕಿನವರಲ್ಲವೇ, ಎಸೆಯಲು ಮನಸ್ಸು ಬಂದಿಲ್ಲ. ಕಾರ್ಡಿನ ಅಂಚನ್ನು ಗಾಜಿಗೆ ಓರೆಯಾಗಿ ಒತ್ತಿ ಎಳೆದರೆ ಚುಕ್ಕಿಗಳು ಕಿರ್ರೆಂದು ಕಿತ್ತು ಬರುತ್ತವೆ. ಅದಕ್ಕೂ ಜಗ್ಗದಿದ್ದರೆ ಹೊಸ ಬ್ಲೇಡು, ಅದೂ ಗಾಜಿನ ಟ್ಯಾಂಕಿಗೆ ಮಾತ್ರ. ಅಕ್ರಿಲಿಕ್ಕಿಗೆ ಬ್ಲೇಡು ತಾಗಿಸಬಾರದು. ಅಂಗಡಿಯ ಮ್ಯಾಗ್ನೆಟ್ ಬ್ರಷ್ಷೂ ಒಳ್ಳೆಯದೇ, ಒಂದು ಕಾಳು ಜಲ್ಲಿ ನಡುವೆ ಸಿಕ್ಕಿಕೊಂಡರೆ ಮಾತ್ರ ಸ್ಕ್ರಬ್ಬರಿನ ಕತೆಯೇ.

ಎಡಗಡೆಗೆ ಬಂದೆ. ಹೊತ್ತು ಏರಿತ್ತು. ಕಿಟಕಿಯ ಸರಳುಗಳ ನಡುವಿನಿಂದ ಬಿಸಿಲು ಕೋಲುಕೋಲಾಗಿ ನೀರೊಳಗೆ ಇಳಿದಿತ್ತು. ನೋಡಲು ಬಲು ಚೆಂದ, ನನ್ನ ಸಂಶಯ ಇದ್ದದ್ದೂ ಇದರ ಮೇಲೇ. ಈ ಬದಿಯ ಗಾಜಿಗೂ ಪ್ಲಾಸ್ಟಿಕ್ ಗಿಡಗಳ ಎಲೆಗೂ ಗೇಣುದ್ದದ ಹಸಿರು ಕೂದಲು. ಒಂದು ಹಳೇ ಹಲ್ಲುಜ್ಜುವ ಬ್ರಷ್ಷನ್ನು ಅದರೊಳಗೆ ತೂರಿಸಿ ಗಿರಗಿರನೆ ತಿರುಗಿಸಿದರೆ ಶಾವಿಗೆ ಸುತ್ತಿದಂತೆ ಸುತ್ತಿಕೊಂಡು ಬಂತು.

"ಟ್ಯಾಂಕಿನ ಲೈಟು ಎಷ್ಟು ಹೊತ್ತು ಉರಿಯುತ್ತೆ ಅತ್ತೆ?"

ಅಡುಗೆಮನೆಯಿಂದ ಉತ್ತರ ಬಂತು. "ಬೆಳಿಗ್ಗೆ ದೇವರಿಗೆ ದೀಪ ಹಚ್ಚೋವಾಗ ಅದನ್ನೂ ಹಾಕ್ತೀನಪ್ಪ. ರಾತ್ರಿ ಸೀರಿಯಲ್ ಮುಗಿದ ಮೇಲೆ ಆರಿಸ್ತೀನಿ."

ಬೆಳಿಗ್ಗೆ ಆರರಿಂದ ರಾತ್ರಿ ಹತ್ತು, ಹದಿನಾರು ಗಂಟೆ. ಜೊತೆಗೆ ಸೂರ್ಯನದೂ ಎರಡೂವರೆ ಗಂಟೆಯ ಕಾಣಿಕೆ. ಒಳಗಿರುವುದು ಪ್ಲಾಸ್ಟಿಕ್ ಗಿಡ, ಅದಕ್ಕೆ ಬೆಳಕು ಬೇಡ. ಮೀನಿಗೆ ಹಗಲಿನ ಸಾಧಾರಣ ಬೆಳಕು ಸಾಕು. ಹಾಗಾದರೆ ಈ ದೀಪ ಉರಿಯುತ್ತಿರುವುದು ಪಾಚಿಯೊಂದಕ್ಕೇ. ಜೀವಂತ ಗಿಡ ಇರುವ ಟ್ಯಾಂಕಿಗೂ ಆರೆಂಟು ಗಂಟೆ ಮೀರಿದ ಬೆಳಕು ಬೇಕಿಲ್ಲ.

ಮುಂದೆ ನೆಲ. ಕಿಟಕಿ ಬದಿಯ ಗಾಜಿಗೆ ಜಲ್ಲಿ ತಾಗುವ ಕಡೆ ನೀಲಿ ಬೆರೆತ ಹಸಿರಿನ ಪೊರೆ ಹಬ್ಬಿತ್ತು. ಕೆನೆ ತೆಗೆದಂತೆ ಎರಡು ಬೆರಳಲ್ಲಿ ಎತ್ತಿದರೆ ಹಾಳೆಹಾಳೆಯಾಗಿ ಎದ್ದುಬಂತು, ಜೊತೆಗೆ ಮುಗ್ಗಲು ಮಣ್ಣಿನ ವಾಸನೆ. ಮಾವ ಮೂಗು ಮುಚ್ಚಿಕೊಂಡರು. ಮೊದಲ ಮಳೆಗೆ ನೆಲ ಬಿಡುವ ಘಮದಲ್ಲೂ ಈ ವಾಸನೆಯಲ್ಲೂ ಇರಬಹುದಾದ ವಸ್ತು ಒಂದೇ, ಅದರ ಹೆಸರು ಜಿಯೋಸ್ಮಿನ್. ಅಂಗಳದಲ್ಲಿ ಕವಿತೆ ಬರೆಸುವುದು ಹಾಲಿನಲ್ಲಿ ಮೂಗು ಮುಚ್ಚಿಸುತ್ತದೆ. ಅದಿರಲಿ, ಈ ಪೊರೆ ಪಾಚಿಯೇ ಅಲ್ಲ, ಸಯನೋಬ್ಯಾಕ್ಟೀರಿಯಾ. ಭೂಮಿಯ ಗಾಳಿಗೆ ಮೊದಮೊದಲು ಆಮ್ಲಜನಕ ತುಂಬಿದ ಕುಲ ಇದು, ಇನ್ನೂರು ಕೋಟಿ ವರ್ಷಕ್ಕೂ ಹಿಂದಿನ ಮನೆತನ. ಕಸ ಕೂತು ನೀರು ಆಡದೆ ನಿಂತ ಮೂಲೆ ಇದಕ್ಕೆ ಬಲು ಇಷ್ಟ. ಉಜ್ಜಿದರೆ ಚೂರಾಗಿ ಎಲ್ಲೆಡೆ ಹರಡುತ್ತದೆ, ಪೈಪಿನಲ್ಲಿ ಹೀರಿ ತೆಗೆಯಬೇಕು. ತೀರಾ ಹಠ ಮಾಡಿದರೆ ಟ್ಯಾಂಕಿಗೆ ಜಮಖಾನ ಹೊದಿಸಿ ಮೂರು ದಿನ ಕತ್ತಲಲ್ಲಿಡುವುದು, ಏರ್ ಪಂಪು ಮಾತ್ರ ನಿಲ್ಲಬಾರದು.

ಬಲಮೂಲೆಯಲ್ಲಿ ಫಿಲ್ಟರು. ನೀರು ಹೊರಚಿಮ್ಮುವ ಪೈಪಿನ ಬಾಯಿಗೆ ಎರಡು ದಿನ ಕ್ಷೌರ ಮಾಡದ ಗದ್ದದಂತೆ ಕಪ್ಪು ಕುಚ್ಚು. ಮೀನು ಸಾಕುವವರು ಇದನ್ನು ಗಡ್ಡದ ಪಾಚಿ ಎಂದು ಬೈಯುತ್ತಾರೆ, ಎಳೆದರೂ ಬರುವುದಿಲ್ಲ. ಇಲ್ಲಿ ಮಾವನಿಗೆ ಒಂದು ಆಟ ತೋರಿಸಿದೆ. ಉಗುರಿನಿಂದ ಒಂದು ಚಿಟಿಕೆ ಕೆರೆದು ಗಾಜಿನ ಲೋಟದಲ್ಲಿ ಹಾಕಿ, ಪ್ರಥಮ ಚಿಕಿತ್ಸೆ ಡಬ್ಬಿಯ ಸ್ಪಿರಿಟ್ ಸುರಿದು ಬದಿಗಿಟ್ಟೆ. ಅತ್ತೆ ಕೊಟ್ಟ ಕಾಫಿ ಕುಡಿದು, ಪೇಪರಿನ ಎರಡು ಪುಟ ಮಗುಚಿ ಬರುವಷ್ಟರಲ್ಲಿ ಕಪ್ಪು ಕುಚ್ಚು ಕುಂಕುಮದ ನೀರಲ್ಲಿ ಅದ್ದಿದಂತೆ ಕೆಂಪಗಾಗಿತ್ತು.

"ಏನೋ ಇದು ಮಾಟ!"

ಮಾಟವಲ್ಲ. ಅದು ನಿಜಕ್ಕೂ ಕೆಂಪು ಪಾಚಿಗಳ ಗುಂಪಿಗೆ ಸೇರಿದ್ದು. ಮೇಲಿನ ಹಸಿರು ಬಣ್ಣ ಸ್ಪಿರಿಟ್ಟಿಗೆ ಕರಗಿಹೋಗಿ ಒಳಗಿನ ಕೆಂಪು ಕಾಣಿಸುತ್ತದೆ, ಅಷ್ಟೆ. ಇದಕ್ಕೆ ಉಪಾಯ ಒಣಗಿಸುವುದೇ. ಪೈಪು, ಪ್ಲಾಸ್ಟಿಕ್ ಗಿಡ, ಸಿಮೆಂಟಿನ ಕೋಟೆ ಎಲ್ಲವನ್ನೂ ಹೊರತೆಗೆದು ತಾರಸಿಯ ಮೇಲೆ, ಹಪ್ಪಳ ಹರವುವ ಚಾಪೆಯ ಪಕ್ಕದಲ್ಲಿ ಹರವಿದೆವು. ಎರಡು ಮೂರು ದಿನದ ಬಿಸಿಲಿಗೆ ಸತ್ತು ಬಿಳಿಚಿಕೊಳ್ಳುತ್ತದೆ, ಆಮೇಲೆ ಉಜ್ಜಿದರೆ ಬಿಡುತ್ತದೆ.

ಫಿಲ್ಟರಿನ ಹತ್ತಿರವೇ ಇನ್ನೊಂದು ಸಾಕ್ಷಿ ಇತ್ತು. ಗಾಜಿನ ಅಂಚಿನಲ್ಲಿ ಕಾಫಿಪುಡಿ ಉದುರಿದಂಥ ಕಂದು ಲೇಪ. ಇವು ಡಯಾಟಮ್‌ಗಳು. ಮೈಗೆ ಸಿಲಿಕಾದ ಚಿಪ್ಪು ತೊಟ್ಟ ಜೀವಿಗಳು, ಒಂದರ್ಥದಲ್ಲಿ ಗಾಜಿನ ಮೇಲೆ ಗಾಜಿನ ಧೂಳು. ಹೊಸದಾಗಿ ಇಟ್ಟ ಟ್ಯಾಂಕಿನಲ್ಲಿ ಮೊದಲ ವಾರಗಳಲ್ಲಿ ಕಾಣಿಸಿಕೊಂಡು ತಾವಾಗಿಯೇ ಹೋಗುತ್ತವೆ. ಎಂಟು ವರ್ಷದ ಟ್ಯಾಂಕಿಗೆ ಇವು ಯಾಕೆ ಬರಬೇಕು? ಯಾಕೆಂದರೆ ಮಾವನ ಟ್ಯಾಂಕಿಗೆ ಎಂಟು ವರ್ಷ ಆಗಿಯೇ ಇಲ್ಲ. ಪ್ರತಿ ಎರಡನೇ ಶನಿವಾರ ಅದು ಹೊಸದಾಗಿ ಹುಟ್ಟುತ್ತಿದೆ.

ಇದನ್ನು ಅವರಿಗೆ ಒಪ್ಪಿಸುವುದೇ ಆ ದಿನದ ಕಷ್ಟದ ಕೆಲಸವಾಯಿತು. ಮೀನಿನ ಹೇಲುಚ್ಚೆಯಿಂದ, ಕಿವಿರಿನಿಂದ, ಉಳಿದ ತಿಂಡಿಯಿಂದ ಅಮೋನಿಯಾ ಬರುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿ, ಜಲ್ಲಿಯ ಮೈಮೇಲೆ ಮನೆಮಾಡಿದ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟಾಗಿ, ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟಾಗಿ ಮಾಡುತ್ತವೆ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇದೆ. ಅದರಡಿ ಸ್ಪಂಜು ಹಿಂಡಿದರೆ ಈ ಊಳಿಗದವರಲ್ಲಿ ಬಹಳ ಮಂದಿ ನಾಶವಾಗಬಹುದು. ಮತ್ತೆ ನೆಲೆಯೂರಲು ಅವಕ್ಕೆ ವಾರಗಟ್ಟಲೆ ಬೇಕು. ಅಲ್ಲಿಯವರೆಗೆ ಟ್ಯಾಂಕಿನ ಲೆಕ್ಕ ತಾಳೆಯಾಗುವುದಿಲ್ಲ. ಆ ಅರಾಜಕತೆಯಲ್ಲಿ ಮೊದಲು ಎದ್ದು ನಿಲ್ಲುವುದು ಪಾಚಿ.

"ಅಂದ್ರೆ ಮೂವತ್ತು ದಿನಕ್ಕೊಂದ್ಸಲ ಬ್ರಾಂಚಿನ ಸ್ಟಾಫನ್ನೆಲ್ಲ ಟ್ರಾನ್ಸ್‌ಫರ್ ಮಾಡಿ ಹೊಸಬರನ್ನ ಕೂರಿಸಿದ ಹಾಗೆ," ಎಂದರು ಮಾವ, ಸ್ವಲ್ಪ ಹೊತ್ತಿನ ಮೇಲೆ. ನನಗಿಂತ ಚೆನ್ನಾಗಿ ಹೇಳಿದರು.

ಇನ್ನು ತಿಂಡಿ. ಈ ಪ್ರಶ್ನೆ ಯಾವ ಮನೆಯಲ್ಲಿ ಕೇಳಿದರೂ ಒಂದು ಸಣ್ಣ ನಾಟಕ ನಡೆಯುತ್ತದೆ. ಬೆಳಿಗ್ಗೆ, ಸಂಜೆ ಒಂದೊಂದು ಚಿಟಿಕೆ ಎಂದರು ಮಾವ. ಅತ್ತೆ ಹೊರಬಂದು, "ಮಧ್ಯಾಹ್ನ ಬಾಯಿ ಬಿಡ್ತಾವಲ್ಲ ಪಾಪ, ಅಂತ ನಾನೂ ಸ್ವಲ್ಪ ಹಾಕ್ತೀನಿ," ಎಂದರು. ಸ್ಕೂಲಿಗೆ ರಜೆಯಾಗಿ ಮನೆಯಲ್ಲೇ ಇದ್ದ ಮೊಮ್ಮಗಳು ಪುಟ್ಟಿ ತಲೆ ತಗ್ಗಿಸಿಕೊಂಡು ಬೆರಳು ಎಣಿಸಿದಳು: ಸ್ಕೂಲಿಗೆ ಹೋಗುವಾಗ ಒಂದು, ಬಂದಾಗ ಒಂದು, ಹೋಂವರ್ಕ್ ಮುಗಿದಾಗ ಒಂದು, ಫ್ರೆಂಡ್ಸ್ ಬಂದರೆ ಅವರಿಗೆ ತೋರಿಸಲು ಒಂದು. ಒಟ್ಟು ಏಳು ಹೊತ್ತಿನ ಊಟ! ಗೋಲ್ಡ್‌ಫಿಶ್ ಎಷ್ಟು ತಿಂದರೂ ಬಾಯಿ ಬಿಡುತ್ತಲೇ ಇರುತ್ತದೆ, ಅದಕ್ಕೆ ನಮ್ಮಂತೆ ಬೇರೆಯಾದ ಹೊಟ್ಟೆಯ ಚೀಲವೇ ಇಲ್ಲ. ತಿಂದದ್ದು ನೇರ ಕರುಳಿಗೆ. ಏಳು ಹೊತ್ತಿನದೂ ಕೊನೆಗೆ ನೀರಿನಲ್ಲಿ ನೈಟ್ರೇಟು, ಫಾಸ್ಫೇಟು ಆಗಿ ಉಳಿಯುತ್ತದೆ. ಹಿತ್ತಲಿನಲ್ಲಿ ಇದಕ್ಕೆ ಗೊಬ್ಬರ ಎಂದು ಹೆಸರು.

ಅತ್ತೆ ಅದನ್ನು ತಾವೇ ಕಂಡುಕೊಂಡಿದ್ದರು. ತೊಳೆದ ನೀರನ್ನು ಕರಿಬೇವಿನ ಗಿಡಕ್ಕೆ, ಮಲ್ಲಿಗೆ ಕುಂಡಕ್ಕೆ ಹುಯ್ಯುತ್ತಾರೆ. ಆ ಬೀದಿಯಲ್ಲಿ ಅಂಥ ಕರಿಬೇವು ಇನ್ನೊಂದಿಲ್ಲ. ಗಿಡಕ್ಕೆ ಹಿತವಾದದ್ದು ಪಾಚಿಗೂ ಹಿತ.

ಪ್ರದಕ್ಷಿಣೆ ಮುಗಿಯುವ ಮುನ್ನ ಹಿಂಭಾಗದ ಕಲ್ಲಿನ ಸಂದಿಗೆ ಟಾರ್ಚ್ ಬಿಟ್ಟೆ. ಒಂದಡಿಗೆ ಒಂದೇ ಬೆರಳು ಕಡಿಮೆ ಉದ್ದದ, ಮೊಸಳೆ ಚರ್ಮದ ಪ್ರಾಣಿಯೊಂದು ಹೊಟ್ಟೆ ನೆಲಕ್ಕೆ ಒತ್ತಿ ಮಲಗಿತ್ತು. ಸಕ್ಕರ್. ಪಾಚಿ ತಿಂದು ಟ್ಯಾಂಕು ತಾನೇ ಕ್ಲೀನ್ ಮಾಡುತ್ತದೆ ಎಂದು ಹೇಳಿ ಒಂದು ಅಂಗಡಿಯವರು ಕೊಟ್ಟಾಗ ಹೆಬ್ಬೆರಳಿನಷ್ಟಿತ್ತಂತೆ. ಮರಿಯಾಗಿದ್ದಾಗ ತಿನ್ನುವುದು ಸುಳ್ಳಲ್ಲ. ದೊಡ್ಡದಾದ ಮೇಲೆ ಗೋಲ್ಡ್‌ಫಿಶ್ಶಿನ ತಿಂಡಿಗೇ ಬಾಯಿ ಹಾಕುತ್ತದೆ, ಉದ್ದುದ್ದ ಹಿಕ್ಕೆಯ ದಾರ ಬಿಡುತ್ತದೆ. ಕಸ ಗುಡಿಸಲು ಬಂದವನು ಮನೆಯ ಅಳಿಯನಾಗಿದ್ದಾನೆ.

ಪಾಚಿ ತಿನ್ನಿಸಲು ಇನ್ನೊಂದು ಜೀವಿಯನ್ನು ತರುವ ಯೋಚನೆ ಅಕ್ವೇರಿಯಂನಷ್ಟೇ ಹಳೆಯದು. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರ ಸುಮಾರಿಗೆ ಎರಡು ಗೋಲ್ಡ್‌ಫಿಶ್, ಒಂದು ನೀರುಗಿಡ ಇಟ್ಟು ಗಾಜಿನ ಪಾತ್ರೆಯಲ್ಲಿ ಸಮತೋಲ ಸಾಧಿಸಲು ಹೊರಟಾಗ ಕೊಳೆತ ಎಲೆ, ಹಸಿರು ಲೋಳೆ ಅವರನ್ನೂ ಕಾಡಿತು. ಅವರು ಬಿಟ್ಟದ್ದು ಕೊಳದ ಬಸವನಹುಳುಗಳನ್ನು. ಜಪಾನಿನ ತಕಾಶಿ ಅಮಾನೊ ತಮ್ಮ ನೀರೊಳಗಿನ ತೋಟಗಳಿಗೆ ಸಣ್ಣ ಸಿಗಡಿಗಳನ್ನು ಬಿಟ್ಟು ಪ್ರಸಿದ್ಧರಾದರು; ಆ ಸಿಗಡಿಗೆ ಈಗ ಅವರದೇ ಹೆಸರು. ಮಾವನ ಟ್ಯಾಂಕಿಗೆ ಸಿಗಡಿ ಬಿಟ್ಟರೆ ಗೋಲ್ಡ್‌ಫಿಶ್ಶಿಗೆ ಎಂಟನೇ ಊಟವಾಗುತ್ತದೆ, ಅಷ್ಟೆ.

"ಬಾಟ್ಲಿ ಔಷಧಿ ಸಿಗುತ್ತಂತಲ್ಲ, ನಾಲ್ಕು ಹನಿ ಹಾಕಿದ್ರೆ ಎಲ್ಲ ಮಾಯ?"

ಸಿಗುತ್ತದೆ. ಹಾಕಿಯೂ ನೋಡಿದ್ದೇನೆ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ನನ್ನ ಮೊದಲ ಟ್ಯಾಂಕು ಹಸಿರು ಪಾಯಸವಾದಾಗ ಇಡೀ ಮುಚ್ಚಳ ಬಗ್ಗಿಸಿದ್ದೆ. ಎರಡು ದಿನಕ್ಕೆ ನೀರು ತಿಳಿಯಾಯಿತು. ಮೂರನೇ ಬೆಳಿಗ್ಗೆ ಎದ್ದು ನೋಡಿದರೆ ಮೀನುಗಳೆಲ್ಲ ಮೇಲ್ಮೈಗೆ ಬಾಯಿ ಹಚ್ಚಿ ಗಾಳಿಗೆ ಒದ್ದಾಡುತ್ತಿದ್ದವು. ಸತ್ತ ಪಾಚಿ ಎಲ್ಲಿಗೂ ಹೋಗಿರಲಿಲ್ಲ, ಕೊಳೆಯುತ್ತ ನೀರಿನ ಆಮ್ಲಜನಕವನ್ನೆಲ್ಲ ಹೀರಿತ್ತು. ಮೂರು ಮೀನು ಉಳಿದವು. ತಾಮ್ರ ಬೆರೆತ ಔಷಧಿಯಾದರೆ ಬಸವನಹುಳು, ಸಿಗಡಿಗಳ ಕತೆ ಅಲ್ಲಿಗೇ ಮುಗಿಯುತ್ತದೆ.

ಹತ್ತು ಗಂಟೆಗೆ ಕೆಲಸ ಶುರು. ನಾಲ್ಕು ಬಕೆಟ್ಟಿನಲ್ಲಿ ಎರಡಕ್ಕೆ ಕೆಲಸವಿಲ್ಲದಂತಾಯಿತು. ಕಾರ್ಡಿನಿಂದ ಮುಂಗಾಜು ಕೆರೆದೆವು. ಪೈಪಿನ ತುದಿಯನ್ನು ಜಲ್ಲಿಯೊಳಗೆ ಚುಚ್ಚಿ ಚುಚ್ಚಿ ಹಿಕ್ಕೆ, ನೀಲಿಪೊರೆ ಹೀರಿ ತೆಗೆಯುವಷ್ಟರಲ್ಲಿ ಎರಡು ಬಕೆಟ್ ತುಂಬಿ, ಕಾಲುಭಾಗ ನೀರು ಇಳಿದಿತ್ತು. ಅಲ್ಲಿಗೆ ನಿಲ್ಲಿಸಿದೆ. ಆ ಕೊಳೆ ನೀರಿನಲ್ಲೇ ಫಿಲ್ಟರಿನ ಸ್ಪಂಜನ್ನು ಎರಡು ಸಲ ಅದ್ದಿ ಹಿಂಡಿದೆ, ಮಾವನಿಗೆ ಅದು ಮೈಲಿಗೆಯಂತೆ ಕಂಡಿತು. ತುಂಬಿಸಲು ಹಿಂದಿನ ರಾತ್ರಿಯೇ ಹಿಡಿದಿಟ್ಟಿದ್ದ ನೀರು, ಅದಕ್ಕೆ ಕ್ಲೋರಿನ್ ತೆಗೆಯುವ ಎರಡು ಹನಿ. ವಾರಕ್ಕೊಮ್ಮೆ ಇಷ್ಟೇ. ಕಿಟಕಿಗೆ ದಪ್ಪ ಪರದೆ. ಅತ್ತೆಯ ಮನಿ ಪ್ಲಾಂಟಿನಿಂದ ನಾಲ್ಕು ಬಳ್ಳಿ ಕತ್ತರಿಸಿ ಬೇರು ಬರುವ ಗೆಣ್ಣು ನೀರಿಗೆ, ಎಲೆ ಹೊರಗೆ ಇರುವಂತೆ ಟ್ಯಾಂಕಿನ ಹಿಂಬದಿಗೆ ಸಿಕ್ಕಿಸಿದೆ. ಬೇರು ಬಿಟ್ಟ ಮೇಲೆ ಪಾಚಿಯ ಪಾಲಿನ ಗೊಬ್ಬರವನ್ನು ಅದು ಉಣ್ಣುತ್ತದೆ. ತಿಂಡಿ ಡಬ್ಬಿಯ ಅಧಿಕಾರ ಪುಟ್ಟಿಗೆ ಒಬ್ಬಳಿಗೇ, ದಿನಕ್ಕೆರಡು ಸಲ, ಎರಡು ನಿಮಿಷದಲ್ಲಿ ಖಾಲಿಯಾಗುವಷ್ಟು. ಅವಳು ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಕು. ಅಜ್ಜಿಯನ್ನು ಕಾಯುವ ಕೆಲಸ ಸಿಕ್ಕಿದ್ದಕ್ಕೆ ಅವಳಿಗೆ ಬಹಳ ಖುಷಿ.

ಹಿಂಬದಿಯ ಗಾಜನ್ನು ಮಾತ್ರ ಮುಟ್ಟಲಿಲ್ಲ.

"ಅದೊಂದು ಬಿಟ್ಟೆಯಲ್ಲೋ?"

"ಇರ್ಲಿ ಬಿಡಿ ಮಾವ, ಅದು ಅವಕ್ಕೆ."

ಸಂಜೆ ಸಕ್ಕರಿನ ಪ್ರಶ್ನೆ ಎದ್ದಿತು. ಮಾವ ಅದನ್ನು ಮುಚ್ಚಳದ ಬಕೆಟ್ಟಿನಲ್ಲಿ ಹಾಕಿ ಸ್ಕೂಟರಿನ ಮುಂದಿಟ್ಟುಕೊಂಡರು. "ಕುಕ್ಕರಹಳ್ಳಿ ಕೆರೆಗೆ ಬಿಟ್ಬಿಡೋಣ ಕಣೋ, ಪುಣ್ಯ ಬರುತ್ತೆ. ಎಷ್ಟು ದಿನ ಈ ಸಂದೀಲಿ ಮಲಗಿರುತ್ತೆ." ದಾರಿಯಲ್ಲಿ ವಾದ ಮಾಡಿದರೆ ಗೆಲ್ಲುವುದಿಲ್ಲವೆಂದು ಏರಿಯ ಮೇಲೆ ಹೋಗಿ ನಿಂತೆವು, ಬಕೆಟ್ಟು ಮುಚ್ಚಿಕೊಂಡೇ.

1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಕೆರೆ. ಮಾನಸಗಂಗೋತ್ರಿಯ ಮರಗಳ ಹಿಂದೆ ಸೂರ್ಯ ಇಳಿಯುತ್ತಿದ್ದ. ಕುವೆಂಪು ಕವಿತೆಯಾಗಿಸಿದ ಹೊತ್ತು ಇದೇ. ಹೆಜ್ಜಾರ್ಲೆಗಳು ಗುಂಪಾಗಿ ತೇಲುತ್ತಿದ್ದವು, ಅವುಗಳ ಬೆಳ್ಳನೆ ಎದೆಯ ಕೆಳಗೆ ನೀರು ಬಟಾಣಿ ಸಾರಿನ ಬಣ್ಣಕ್ಕಿತ್ತು. ಗಾಳಿ ಒತ್ತಿ ತಂದ ಹಾವಸೆ ದಡದ ಕಲ್ಲುಗಳಿಗೆ ಪೇಂಟಿನಂತೆ ಬಳಿದುಕೊಂಡಿತ್ತು. ಮಾವ ಬಗ್ಗಿ ಮೂಸಿದರು.

"ಬೆಳಿಗ್ಗೇದೇ ವಾಸನೆ!"

ಲೆಕ್ಕವೂ ಬೆಳಿಗ್ಗಿನದೇ. ಮೇಲೆ ತೆರೆದ ಬಿಸಿಲು, ಒಳಗೆ ಊರು ಕಳಿಸಿದ ಗೊಬ್ಬರ. ಈ ಕೆರೆಗೆ ಕೊಳಚೆ ಸೇರುವ ಬಗ್ಗೆ ಮೈಸೂರಿನವರ ದೂರು ಇಂದಿನದಲ್ಲ. ಇಲ್ಲಿ ಎಟಿಎಂ ಕಾರ್ಡಿನಿಂದ ಕೆರೆಯಲಾಗುವುದಿಲ್ಲ, ಪರದೆ ಎಳೆಯಲೂ ಆಗುವುದಿಲ್ಲ. ಬರುವುದನ್ನು ತಡೆಯುವುದೊಂದೇ ದಾರಿ. ಇದರೊಳಗೆ ಸಕ್ಕರ್ ಬೇರೆ ಬಿಟ್ಟರೆ? ಅದರ ತವರು ದಕ್ಷಿಣ ಅಮೆರಿಕ. ಹೀಗೇ ಯಾರ್ಯಾರೋ ಪುಣ್ಯಕ್ಕೆ ಬಿಟ್ಟು ಇಂದು ಕೋಲ್ಕತ್ತದ ಪೂರ್ವದ ಜೌಗಿನಲ್ಲಿ, ಆಂಧ್ರದ ಮೀನುಹೊಂಡಗಳಲ್ಲಿ, ಕೇರಳದ ಕಾಲುವೆಗಳಲ್ಲಿ ಸಂಸಾರ ಹೂಡಿದೆ. ದಡದಲ್ಲಿ ಬಿಲ ಕೊರೆದು ಮೊಟ್ಟೆಯಿಡುತ್ತದೆ, ಅದರ ಮುಳ್ಳು ಬಲೆಯನ್ನು ಹರಿಯುತ್ತದೆ, ಆ ಗಟ್ಟಿ ಚರ್ಮವನ್ನು ತಿನ್ನುವ ಗಟ್ಟಿಗ ಮೀನು ನಮ್ಮಲ್ಲಿ ಕಡಿಮೆ.

ಮಾವ ಮಾತಾಡದೆ ಸ್ಕೂಟರ್ ತಿರುಗಿಸಿದರು. ದೊಡ್ಡ ಟ್ಯಾಂಕುಗಳಿದ್ದ ಒಂದು ಅಂಗಡಿಯವರು ಅದನ್ನು ಇಟ್ಟುಕೊಳ್ಳಲು ಒಪ್ಪಿದರು. ಬದಲಿಗೆ ಏನಾದರೂ ಕೊಡಲೇ ಎಂದು ಕೇಳಿ, ಹೆಬ್ಬೆರಳಿನಷ್ಟಿದ್ದ ಮರಿ ಸಕ್ಕರುಗಳ ಕವರನ್ನೇ ಎತ್ತಿ ತೋರಿಸಿದರು. "ಟ್ಯಾಂಕ್ ಕ್ಲೀನ್ ಆಗಿಡುತ್ತೆ ಸರ್." ಮಾವ ಕೈಮುಗಿದು, ಗೋಡೆಯ ಪ್ಲಗ್ಗಿಗೆ ಹಾಕುವ ಟೈಮರ್ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದರು. ಮೂರು ಅಂಗಡಿಯಾಚೆ ಸಿಕ್ಕಿತು.

ರಾತ್ರಿ ಊಟವಾಗಿ ಎಲ್ಲರೂ ಹಾಲಿನಲ್ಲಿ ಕೂತಿದ್ದೆವು. ಟೈಮರಿಗೆ ಮಧ್ಯಾಹ್ನ ಎರಡೂವರೆಯಿಂದ ರಾತ್ರಿ ಎಂಟೂವರೆ ಎಂದು ಮಾವನೇ ಮುಳ್ಳು ತಿರುಗಿಸಿದ್ದರು. ಮುಂಗಾಜಿನಾಚೆ ನಾಲ್ಕೂ ಮೀನು ಇಡಿಯಾಗಿ ಕಾಣುತ್ತಿದ್ದವು, ಒಂದರ ಬಾಲದಲ್ಲಿ ಬಿಳಿ ಮಚ್ಚೆ ಇದೆಯೆಂದು ಪುಟ್ಟಿ ಅವತ್ತು ಕಂಡುಹಿಡಿದಳು. ತಿಂಡಿ ಸಿಗದ ಬೇಸರಕ್ಕೋ ಏನೋ ಅವು ಹಿಂಗಾಜಿಗೆ ಹೋಗಿ, ಬಿಟ್ಟಿದ್ದ ಪಾಚಿಗೆ ಬಾಯಿ ಹಚ್ಚಿ ಸಾಲಾಗಿ ಮೇಯತೊಡಗಿದ್ದವು.

ಸೀರಿಯಲ್ಲಿನಲ್ಲಿ ಸೊಸೆ ಬಾಗಿಲು ತೆರೆಯುವ ಹೊತ್ತಿಗೆ ಟಕ್ ಎಂದು ಟ್ಯಾಂಕಿನ ದೀಪ ಆರಿತು.

"ಅಯ್ಯೋ, ಕರೆಂಟ್ ಹೋಯ್ತಾ?" ಎಂದು ಅತ್ತೆ ಟೀವಿ ನೋಡುತ್ತಲೇ ಕೇಳಿದರು.